ಅಪ್ಪನ ಫೋನ್ ಬಂದರೆ ಓಡಿಹೋಗುವ ಹುಡುಗ

ಗಂಡ ಸೈನ್ಯದಲ್ಲಿ, ದೂರದ ನಿಯೋಜನೆಯ ಮೇಲೆ. ಮನೆಯಲ್ಲಿ ಹೆಂಡತಿ, ಮಗು, ಹಿರಿಯರು. ಮಗು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲ ಎಂಬ ದೂರು. ಆಪ್ತಸಮಾಲೋಚಕಿಯಾದ ನನ್ನ ಬಳಿ ಇಂಥ ಪ್ರಕರಣ ಬಂದದ್ದು ಇದು ಮೂರನೇ ಸಲ. ಮೊದಲ ಎರಡು ಸಲ ನಾನು ಹೇಳಿ ಕಳಿಸಿದ ಮಾತು ಅರ್ಧ ಮಾತ್ರ ಸರಿಯಿತ್ತು ಎಂದು ಈಗ ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆಯೂ ಇದೆ.

ಹುಡುಗನಿಗೆ ಏಳು ವರ್ಷ. ಅಪ್ಪ ಹೋಗಿ ಎಂಟು ತಿಂಗಳು. ಮೊದಮೊದಲು ಫೋನ್ ಕಿತ್ತುಕೊಂಡು ಮಾತಾಡುತ್ತಿದ್ದವನು ಆಮೇಲಾಮೇಲೆ ಗಂಟೆ ಕೇಳಿದರೆ ಸಾಕು, ಬಚ್ಚಲುಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಕಡೆ ಅಪ್ಪ ಸರದಿಯಲ್ಲಿ ನಿಂತು, ಸಿಕ್ಕ ಹತ್ತು ನಿಮಿಷದಲ್ಲಿ ನಾಲ್ಕನ್ನು ಮಗನಿಗಾಗಿ ಕಾದು ಕಳೆಯುತ್ತಿದ್ದರು. "ನನ್ನ ಮರೆತೇಬಿಟ್ನಾ?" ಎಂದು ಒಮ್ಮೆ ಕೇಳಿದರಂತೆ.

ಹೊರಡುವ ವಾರ ಗಂಡ ಹೆಂಡತಿ ಕ್ಷುಲ್ಲಕ ಕಾರಣಕ್ಕೆ ಜೋರು ಜಗಳವಾಡಿದ್ದರು. ಮಗ ಅದನ್ನು ಕೇಳಿಸಿಕೊಂಡಿದ್ದಾನೆ, ಅದೇ ಕಾರಣ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದರು. ಆ ಅಪರಾಧಭಾವ ಇಳಿಸುವುದಕ್ಕೇ ಎರಡು ಭೇಟಿ ಹೋಯಿತು. ಹೊರಡುವ ಮುಂಚಿನ ಆ ಜಗಳ ಹೊಸದೇನಲ್ಲ. ಅಮೆರಿಕದ ನೌಕಾಪಡೆಯ ಕುಟುಂಬಗಳ ಬಗ್ಗೆ ಬರೆದ ಕ್ಯಾಥ್ಲೀನ್ ವೆಸ್ಟಲ್ ಲೋಗನ್ 1987ರಲ್ಲೇ ನಿಯೋಜನೆಯ ಏಳು ಹಂತಗಳನ್ನು ಗುರುತಿಸಿದ್ದರು. ಅವುಗಳಲ್ಲಿ ಎರಡನೆಯದು ಇದೇ: ಹೊರಡುವ ದಿನ ಹತ್ತಿರ ಬಂದಂತೆ ಇಬ್ಬರೂ ಒಳಗೊಳಗೇ ದೂರ ಸರಿಯುವುದು. ಅಗಲುವ ನೋವಿಗಿಂತ ಸಿಟ್ಟು ಸುಲಭ. ಇದನ್ನು ಕೇಳಿ ಆಕೆಗೆ ಸಮಾಧಾನವಾಯಿತು. ಹುಡುಗ ಮಾತ್ರ ಓಡುವುದು ಬಿಡಲಿಲ್ಲ.

ಮೂರನೇ ಭೇಟಿಗೆ ಅವನನ್ನೂ ಕರೆತರಲು ಹೇಳಿದೆ. ಅಮ್ಮ ಮೂಲೆಯ ಕುರ್ಚಿಯಲ್ಲಿ, ಅವನು ನನ್ನೆದುರು. ಅಪ್ಪನ ಮೇಲೆ ಕೋಪವಾ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತವೆ. ಬೇರೆ ಕೇಳಿದೆ: "ಫೋನಲ್ಲಿ ಮಾತಾಡೋಕೆ ಏನು ಕಷ್ಟ ಆಗತ್ತೆ?"

ಅವನು ಕಾಲು ಅಲ್ಲಾಡಿಸುತ್ತಾ ಹೇಳಿದ: "ಏನೇನು ಹೇಳಬಾರದು ಅಂತ ನೆನಪಿಟ್ಕೋಬೇಕು."

"ಏನೇನು?"

ಅಮ್ಮನ ಕಡೆ ನೋಡಿದ. ಆಕೆ ಏನೂ ಹೇಳಲಿಲ್ಲ. ಬೆರಳು ಮಡಚಿ ಎಣಿಸಿದ. "ನನ್ನ ಕೈ ಮುರಿದಿದ್ದು. ಅಜ್ಜಿ ಬಿದ್ದಿದ್ದು. ಅಮ್ಮ ಕೆಲಸ ಬಿಟ್ಟಿದ್ದು. ಅಮ್ಮ ರಾತ್ರಿ ಅಳೋದು." ಆಮೇಲೆ ತಾನೇ ಸೇರಿಸಿದ: "ಮಾತಾಡಿದ್ರೆ ಬಾಯಿ ತಪ್ಪಿ ಹೇಳಿಬಿಡ್ತೀನಿ ಆಂಟಿ. ಆಮೇಲೆ ಅಪ್ಪಂಗೆ ಏನಾದ್ರೂ ಆದ್ರೆ?"

ಇಷ್ಟು ವರ್ಷದಲ್ಲಿ ಕೆಲವೇ ಸಲ ನನಗೆ ಮುಂದಿನ ಮಾತು ತೋಚದೆ ಹೋಗಿದೆ. ನಾವೆಲ್ಲ ಅವನು ಅಪ್ಪನಿಂದ ದೂರವಾಗುತ್ತಿದ್ದಾನೆ ಎಂದುಕೊಂಡಿದ್ದೆವು. ಅವನು ಅಪ್ಪನನ್ನು ಕಾಯುತ್ತಿದ್ದ, ಬಚ್ಚಲುಮನೆಯ ಚಿಲಕ ಹಾಕಿಕೊಂಡು.

ಆಕೆ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು. "ಅತ್ತೆ ಮೊದಲ ದಿನವೇ ಹೇಳಿದ್ರು ಮೇಡಂ, ದೂರ ಇರೋನಿಗೆ ಚಿಂತೆ ಹಚ್ಚಬೇಡ ಅಂತ. ಅವರಿರೋ ಜಾಗದಲ್ಲಿ ಒಂದು ಗಳಿಗೆ ಗಮನ ತಪ್ಪಿದ್ರೆ..." ವಾಕ್ಯ ಮುಗಿಸಲಿಲ್ಲ.

ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಹಿಂದಿನ ಇಬ್ಬರಿಗೆ ನಾನೂ ಅದನ್ನೇ ಹೇಳಿದ್ದೆ: ಫೋನಿನಲ್ಲಿ ನಗುತ್ತಾ ಮಾತಾಡಿ, ಕಷ್ಟವನ್ನು ಅವರು ಮನೆಗೆ ಬಂದ ಮೇಲೆ ಹೇಳಿಕೊಳ್ಳಿ. ಈಕೆಗೆ ಕೊಟ್ಟ ಸಲಹೆ ತದ್ವಿರುದ್ಧ: ಹೇಳಿ. ಎಲ್ಲವನ್ನೂ ಅಲ್ಲ, ಯಾವಾಗೆಂದರೆ ಆವಾಗಲೂ ಅಲ್ಲ, ಆದರೆ ಹೇಳಿ.

ಹೇಗೆ ಎಂಬುದರಲ್ಲೇ ಎಲ್ಲ ಇದೆ. ಲೈನ್ ಯಾವ ಕ್ಷಣದಲ್ಲಾದರೂ ಕಡಿಯಬಹುದು. "ಮಗನ ಕೈ ಮುರಿದಿತ್ತು" ಎಂದಾಗ ಕಡಿದರೆ ಆ ಮನುಷ್ಯ ಮುಂದಿನ ಕರೆಯವರೆಗೆ ಅದನ್ನೇ ಹೊತ್ತು ಪಹರೆ ನಿಲ್ಲಬೇಕು. ಆದ್ದರಿಂದ ಕೊನೆಯನ್ನು ಮೊದಲು ಹೇಳಬೇಕು: "ಈಗ ಪೂರ್ತಿ ವಾಸಿಯಾಗಿದೆ, ಆಡ್ತಿದ್ದಾನೆ. ಮೂರು ತಿಂಗಳ ಹಿಂದೆ ಬಿದ್ದು ಕೈ ಮುರಿದಿತ್ತು." ಡ್ಯೂಟಿಗೆ ಹೊರಡುವ ಮುಂಚಿನ ಕರೆಯಲ್ಲಿ ಬೇಡ, ಇಳಿದು ಬಂದಾಗಿನದರಲ್ಲಿ. ಉದ್ದದ ವಿಷಯವಾದರೆ ಪತ್ರ ಒಳ್ಳೆಯದು, ಅದು ನಡುವೆ ಕಡಿಯುವುದಿಲ್ಲ. ಪತ್ರಗಳ ಮೇಲೆ ಸಂಖ್ಯೆ ಹಾಕಿ, ಹಿಂದುಮುಂದಾಗಿ ತಲುಪುತ್ತವೆ. ಮನೆಯ ಒಂದಾದರೂ ತೀರ್ಮಾನವನ್ನು ಅವರಿಗೆಂದೇ ಬಿಡಿ, ತಡವಾದರೂ ಪರವಾಗಿಲ್ಲ. ಎಲ್ಲಿದ್ದೀರಿ, ಯಾವಾಗ ಮುಂದಕ್ಕೆ ಹೋಗುತ್ತೀರಿ ಎಂದು ಕೇಳಬೇಡಿ, ಅವರು ಹೇಳುವಂತಿಲ್ಲ. ರಾತ್ರಿ ಪಹರೆಯಲ್ಲಿ ಜೊತೆಗಿದ್ದವರು ಗೊರಕೆ ಹೊಡೀತಾರಾ, ಬಟ್ಟೆ ಒಣಗಿತಾ, ಬೇಜಾರು ಹೇಗೆ ಕಳೀತೀರಿ ಎಂದು ಕೇಳಿ. ನಿಯೋಜನೆಯ ಬಹುಪಾಲು ಬೇಜಾರೇ: ಕಾಯುವುದು, ತುಂಡು ತುಂಡು ನಿದ್ದೆ, ಮತ್ತೆ ಕಾಯುವುದು. ಅದನ್ನು ಹೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ, ಆದರೂ ಅವರೂ ಎಂಟು ತಿಂಗಳಿಂದ "ಇಲ್ಲಿ ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳುತ್ತಿದ್ದರು.

ಮಗನಿಗೆ ಹೇಳಬೇಕಾದ್ದು ಒಂದೇ ಇತ್ತು. ಇನ್ನು ಮೇಲೆ ಅಪ್ಪನಿಂದ ಮುಚ್ಚಿಡುವ ಕೆಲಸ ನಿನ್ನದಲ್ಲ. ಅದನ್ನು ಅಮ್ಮನೇ ಅಲ್ಲಿ, ನನ್ನೆದುರೇ ಹೇಳಿದರು.

ಸೇನೆಯಿಂದ ನಿವೃತ್ತರಾದ ಪರಿಚಿತರೊಬ್ಬರು ಈ ಸಲಹೆ ಕೇಳಿ ರೇಗಿದರು. ಕೈಯಲ್ಲಿ ಬಂದೂಕು ಹಿಡಿದವನ ತಲೆಗೆ ಮನೆಯ ತಾಪತ್ರಯ ತುಂಬುತ್ತೀರಾ ಎಂದರು. ಅವರ ಅನುಭವಕ್ಕೆ ನನ್ನ ಗೌರವವಿದೆ, ಒಪ್ಪಿಗೆಯಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲೀನ್ ಬಾಸ್ ಒಂದು ವಿಷಯ ಎತ್ತಿ ತೋರಿಸಿದ್ದರು: ಆ ಮನುಷ್ಯನನ್ನು ಮನೆಯ ಲೆಕ್ಕದಲ್ಲಿ ಹಿಡಿಯಬೇಕೋ ಬಿಡಬೇಕೋ ಎಂಬುದೇ ತಿಳಿಯದ ಸ್ಥಿತಿ ಕುಟುಂಬವನ್ನು ಹಣ್ಣುಮಾಡುತ್ತದೆ. ಕಾಣೆಯಾಗದವನನ್ನೂ ನಾವು "ಎಲ್ಲ ಚೆನ್ನಾಗಿದೆ" ಎನ್ನುತ್ತಾ ಅದೇ ಸ್ಥಿತಿಗೆ ತಳ್ಳಬಹುದು. ಅಲ್ಲದೆ ರಜೆಗೆ ಬಂದ ದಿನ ಯಾರೋ ನೆರೆಯವರ ಬಾಯಲ್ಲಿ ಇದೆಲ್ಲ ಗೊತ್ತಾದರೆ, ಮುಂದಿನ ಪ್ರತಿ "ಚೆನ್ನಾಗಿದೆ"ಯನ್ನೂ ಅವನು ಅನುಮಾನಿಸುತ್ತಲೇ ಪಹರೆ ನಿಲ್ಲುತ್ತಾನೆ. ಗಮನ ತಪ್ಪುವುದು ಯಾವಾಗ ಹೆಚ್ಚು?

ಆಕೆ ಗಂಡನಿಗೆ ಹೇಳಿದರು. ಗಂಡ ಒಂದೆರಡು ಮಾತಾಡಿ ಫೋನ್ ಇಟ್ಟರು. ಆಮೇಲೆ ಹದಿಮೂರು ದಿನ ಕರೆಯೇ ಇಲ್ಲ. ಕೋಪವೋ, ಲೈನ್ ಬಂದ್ ಆಗಿದೆಯೋ ಆಕೆಗೆ ತಿಳಿಯುವ ದಾರಿಯಿರಲಿಲ್ಲ. ಅಮೆರಿಕದ ಸೇನೆಯಲ್ಲಿ, ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ ಅವರ ಮನೆಗೆ ಸುದ್ದಿ ಮುಟ್ಟುವವರೆಗೆ ಆ ನೆಲೆಯ ಫೋನ್, ಇಂಟರ್ನೆಟ್ ಎರಡನ್ನೂ ನಿಲ್ಲಿಸುವ ಕ್ರಮವಿದೆ. ಇದನ್ನು ಆಕೆಗೆ ಹೇಳಲೋ ಬೇಡವೋ ಎಂದು ನಾನೇ ತೂಗಾಡಿದೆ, ಕೊನೆಗೆ ಹೇಳಲಿಲ್ಲ. ಮುಚ್ಚಿಡಬೇಡಿ ಎಂದು ಉಪದೇಶಿಸಿದವಳು ನಾನೇ. ಆ ಹದಿಮೂರು ದಿನ ನನ್ನ ಸಲಹೆಯ ಬಗ್ಗೆ ನನಗೂ ಧೈರ್ಯವಿರಲಿಲ್ಲ.

ಹದಿನಾಲ್ಕನೇ ದಿನ ಗಂಟೆಯಾಯಿತು. ಹುಡುಗ ಬಚ್ಚಲುಮನೆಯತ್ತ ಎರಡು ಹೆಜ್ಜೆ ಇಟ್ಟು ನಿಂತನಂತೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕೈ?" ಅಲ್ಲಿಂದ ಶುರುವಾಗಿ ಬಿದ್ದದ್ದು, ಪ್ಲಾಸ್ಟರ್ ತುರಿಸಿದ್ದು, ಅದರ ಮೇಲೆ ಯಾರ್ಯಾರು ಹೆಸರು ಬರೆದರು ಎಂಬುದರವರೆಗೆ ಹತ್ತು ನಿಮಿಷವೂ ಅವನದೇ. ಮುಂದಿನ ಭೇಟಿಗೆ ಬಂದ ಆಕೆಯ ದೂರು ಬೇರೆಯಿತ್ತು: "ನಂಗೆ ಫೋನೇ ಕೊಡ್ಲಿಲ್ಲ ಮೇಡಂ."