ಮಕ್ಕಳ ಮೂಳೆ ಕ್ಯಾನ್ಸರ್ ಸಂಶೋಧನೆಗೆ ಇಲಿ, ನಾಯಿ ಯಾಕೆ ಬೇಕು?

ಮುಂಬೈನ ಪರೇಲ್‌ನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರಿಂದ ಬಂದ ನೆಂಟರ ಜೊತೆ ಓಡಾಡುವಾಗ ಈ ಪ್ರಶ್ನೆ ಹುಟ್ಟಿತು ಎಂದಿದ್ದೀರಿ. ಜೀವಕೋಶಗಳನ್ನು ಲ್ಯಾಬಿನಲ್ಲೇ ಬೆಳೆಸಿ ನೋಡಿದರೆ ಸಾಲದೇ ಎಂದೂ ಕೇಳಿದ್ದೀರಿ.

ಶುರು ಅಲ್ಲಿಂದಲೇ. ಬಹಳ ಬಳಕೆಯಲ್ಲಿರುವ ಯು2ಓಎಸ್ ಕೋಶಗಳು 1964ರಲ್ಲಿ 15 ವರ್ಷದ ಹುಡುಗಿಯೊಬ್ಬಳ ಮೂಳೆ ಗಡ್ಡೆಯಿಂದ ಬಂದವು. ಖರ್ಚು ಕಡಿಮೆ, ಫಲಿತಾಂಶ ಬೇಗ. ಆದರೆ ತಟ್ಟೆಯಲ್ಲಿ ಮೂಳೆಯಿಲ್ಲ, ರಕ್ತನಾಳವಿಲ್ಲ, ಶ್ವಾಸಕೋಶವಿಲ್ಲ. ಈ ರೋಗ ಶ್ವಾಸಕೋಶಕ್ಕೆ ಹರಡುವುದೇ ದೊಡ್ಡ ಅಪಾಯ ಅಲ್ವಾ?

ಹಾಗಾಗಿ ಇಲಿ. ರೋಗನಿರೋಧಕ ಶಕ್ತಿ ಇಲ್ಲದ ಇಲಿಗೆ ಮಗುವಿನ ಗಡ್ಡೆಯ ಚೂರು ಕಸಿ ಮಾಡಿ ಔಷಧ ಕೊಟ್ಟು ನೋಡುತ್ತಾರೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೊಥೆರಪಿಯ ಪರೀಕ್ಷೆಗೆ ಮಾತ್ರ ಇಂಥ ಇಲಿ ಅಷ್ಟು ಪ್ರಯೋಜನವಿಲ್ಲ. ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನ್ ಕೆಡಿಸಿ ಇಲಿಯಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ತರಿಸಬಹುದು. ಮಕ್ಕಳ ಇನ್ನೊಂದು ಮೂಳೆ ಕ್ಯಾನ್ಸರ್ ಆದ ಯೂಯಿಂಗ್ ಸಾರ್ಕೋಮಾವನ್ನು ಹಾಗೆ ಸುಲಭಕ್ಕೆ ಇಲಿಯಲ್ಲಿ ತರಿಸಲಾಗುವುದಿಲ್ಲ. ಟಾಟಾದ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇರುವುದು ನವಿ ಮುಂಬೈನ ಖಾರ್ಘರ್‌ನಲ್ಲಿ. ಅಲ್ಲೂ ಪ್ರಯೋಗದ ಪ್ರಾಣಿಗಳ ವಿಭಾಗವಿದೆ.

ನನಗೆ ಹೆಚ್ಚು ಭರವಸೆ ಇರುವುದು ನಾಯಿಗಳ ಮೇಲೆ. ರಾಟ್‌ವೈಲರ್, ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳಿಗೆ ಆಸ್ಟಿಯೋಸಾರ್ಕೋಮಾ ತಾನಾಗಿಯೇ ಬರುತ್ತದೆ, ಮನುಷ್ಯರಿಗಿಂತ ತುಂಬಾ ಜಾಸ್ತಿ. ಸಾಕಿದವರ ಒಪ್ಪಿಗೆ ಪಡೆದು ಚಿಕಿತ್ಸೆ ಕೊಡುತ್ತಾರೆ, ಯಾರೂ ಸುಮ್ನೆ ರೋಗ ಅಂಟಿಸುವುದಿಲ್ಲ. ಮಿಫಾಮುರ್ಟೈಡ್ ಎಂಬ ಔಷಧ ಮೊದಲು ಹೀಗೆ ನಾಯಿಗಳ ಆಯುಷ್ಯ ಹೆಚ್ಚಿಸಿತು. 2009ರಲ್ಲಿ ಯುರೋಪ್ ಅದನ್ನು ಮಕ್ಕಳಿಗೂ ಒಪ್ಪಿತು.