ಹತ್ತು ದೇಶಗಳಲ್ಲಿ ಆಫೀಸು ಇರುವ ಕಂಪನಿಯಲ್ಲಿ ಒಂದೇ ಕೆಲಸದ ಸಂಸ್ಕೃತಿ ಬೆಳೆಸುವುದು ಹೇಗೆ?

ಮೂರ್ನಾಲ್ಕು ನಡವಳಿಕೆಗಳನ್ನು ಮಾತ್ರ ಎಲ್ಲ ಕಡೆ ಒಂದೇ ಮಾಡಬೇಕು, ಉಳಿದದ್ದನ್ನು ಆಯಾ ಊರಿಗೆ ಬಿಡಬೇಕು. ಗೋಡೆಗೆ ಪೋಸ್ಟರ್ ಅಂಟಿಸಿದರೆ ಸುಮ್ನೆ ಖರ್ಚು. ಜನ ಕಲಿಯುವುದು ಭಾಷಣದಿಂದಲ್ಲ, ಸಮಸ್ಯೆ ಇದೆ ಅಂತ ಬಾಯಿಬಿಟ್ಟವನನ್ನು ಮೇಲಿನವರು ಹೇಗೆ ನಡೆಸಿಕೊಂಡರು ಅನ್ನುವುದನ್ನು ನೋಡಿ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರು ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜತೆ ಸೇರಿ ಮತ್ತೆ ಶುರು ಮಾಡಿದರು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಗೈರುಹಾಜರಿಗೆ ಹೆಸರಾಗಿದ್ದವರು! ನೂರಾರು ಜನರನ್ನು ಜಪಾನಿಗೆ ಕಳಿಸಿ, ಅಲ್ಲಿನ ಕೆಲಸಗಾರರ ಪಕ್ಕದಲ್ಲೇ ನಿಲ್ಲಿಸಿ ಕಲಿಸಿದರು. ದೋಷ ಕಂಡರೆ ಯಾರು ಬೇಕಾದರೂ ಕಾರು ಜೋಡಿಸುವ ಲೈನಿನ ಪಕ್ಕದಲ್ಲಿದ್ದ ಎಚ್ಚರಿಕೆಯ ಹಗ್ಗ ಎಳೆಯಬಹುದಿತ್ತು, ಟೀಮ್ ಲೀಡರ್ ಬೈಯುತ್ತಿರಲಿಲ್ಲ, ನೆರವಿಗೆ ಬರುತ್ತಿದ್ದ, ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತಿತ್ತು. ಅದೇ ಜನ, ಸ್ವಲ್ಪ ಕಾಲದಲ್ಲೇ ಗುಣಮಟ್ಟದಲ್ಲಿ ಜಪಾನಿನ ಹತ್ತಿರಕ್ಕೆ ಬಂದರು.

ನಮ್ಮ ಮೈಸೂರಿನ ಹೆಬ್ಬಾಳದ ಕಡೆ ಆಫೀಸುಗಳಲ್ಲಿ ತೊಡಕು ಬೇರೆ. ಹೊಸ ಹುಡುಗರಿಗೆ ಕಾಲ್‌ನಲ್ಲಿ "ಆಗಲ್ಲ ಸಾರ್" ಅನ್ನಲು ಸಂಕೋಚ ಜಾಸ್ತಿ, "ಓಕೆ" ಅಂದುಬಿಡುತ್ತಾರೆ, ಆ ಕಡೆ ಜರ್ಮನಿಯವರು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ಹಾಗಾಗಿ ಮ್ಯಾನೇಜರ್ "ಆಗುತ್ತಾ?" ಅಂತ ಕೇಳಬಾರದು, "ಇದರಲ್ಲಿ ಯಾವುದು ತಡ ಆಗಬಹುದು?" ಅಂತ ಕೇಳಬೇಕು, ಮೊದಲು ಹೇಳಿದವರಿಗೆ ಎಲ್ಲರ ಎದುರೇ ಥ್ಯಾಂಕ್ಸ್ ಹೇಳಬೇಕು. ದಸರಾ ರಜೆ, ಊಟದ ಹೊತ್ತು, ಯಾರನ್ನು ಸಾರ್ ಅನ್ನಬೇಕು, ಇವೆಲ್ಲ ಇಲ್ಲಿಯವರ ಇಷ್ಟಕ್ಕೆ ಬಿಟ್ಟರೆ ಏನೂ ಕೆಡುವುದಿಲ್ಲ.