ಅಂತಿಯೋಕ್ಯದ ಊಟದ ಪಂಕ್ತಿ

ಪ್ರಿಯ ಓದುಗರೇ,

ಯೇಸುವಿನ ಸುವಾರ್ತೆಯನ್ನು ಊರೂರಿಗೆ ಒಯ್ದ ಯೆಹೂದ್ಯ ಪೌಲನ ಪತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಕೇಳಿದ್ದೀರಿ: “ಸುವಾರ್ತೆ ಸಾರುವುದು ಎಂದರೆ ಜನರನ್ನು ಅವರವರ ಕುಲ, ಊಟ, ಹೆಸರು ಬಿಡಿಸಿ ಬೇರೆಯವರನ್ನಾಗಿ ಮಾಡುವುದೇ ಅಲ್ವಾ? ಪೌಲ ಶುರು ಮಾಡಿದ್ದೂ ಅದನ್ನೇ ತಾನೇ?”

ಗಲಾತ್ಯದವರಿಗೆ ಬರೆದ ಪತ್ರ ಓದಿದರೆ ಜಗಳ ತಿರುವುಮುರುವಾಗಿ ಕಾಣುತ್ತದೆ. ಗಲಾತ್ಯ ಇದ್ದದ್ದು ಈಗಿನ ಟರ್ಕಿಯಲ್ಲಿ. ಕ್ರಿ.ಶ. 50ರ ಆಸುಪಾಸಿನ ಮಾತು. ಅಲ್ಲಿ ಪೌಲನ ಮಾತು ಕೇಳಿ ಯೇಸುವನ್ನು ನಂಬಿದವರು ಹೆಚ್ಚಾಗಿ ಯೆಹೂದ್ಯರಲ್ಲ. ಆಮೇಲೆ ಬೇರೆ ಬೋಧಕರು ಬಂದರು. ನಂಬಿಕೆಯೊಂದೇ ಸಾಲದು, ಸುನ್ನತಿಯೂ ಆಗಬೇಕು ಎಂದರು. ಅಂದರೆ, ಮೊದಲು ನಮ್ಮಂತೆ ಯೆಹೂದ್ಯರಾಗಿ. ಪೌಲ ಕೆರಳಿದ. ಅವನ ಹೆಚ್ಚಿನ ಪತ್ರಗಳಲ್ಲಿ ನಮಸ್ಕಾರದ ನಂತರ ದೇವರಿಗೆ ಸ್ತೋತ್ರ ಬರುತ್ತದೆ. ಇಲ್ಲಿ ಅದೇ ಇಲ್ಲ, ನೇರ ಗದರಿಕೆ.

ಅಂತಿಯೋಕ್ಯ ಎಂಬ ಪಟ್ಟಣದ ಊಟದ ಕಥೆ ಬರುವುದೂ ಈ ಪತ್ರದಲ್ಲೇ. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಪೇತ್ರ ಹೆದರಿ ಹಿಂದೆ ಸರಿದ, ಬೇರೆಯಾದ. ಉಳಿದ ಯೆಹೂದ್ಯರೂ ಹಾಗೇ ಮಾಡಿದರು. ಪೌಲನ ಜೊತೆಗಾರ ಬಾರ್ನಬನೂ ಅವರ ಜೊತೆ ಸೇರಿಕೊಂಡ. ಆಗ ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಯೆಹೂದ್ಯರಲ್ಲದವರು ಯೆಹೂದ್ಯರಂತೆ ಬದುಕಬೇಕೆಂದು ಬಲವಂತ ಮಾಡುವುದು ಯಾವ ನ್ಯಾಯ ಎಂದು ಕೇಳಿದ. ನನಗೆ ಈ ಪತ್ರ ಜಾಸ್ತಿ ತಾಕುವುದು ಇಲ್ಲೇ. ಎಲೆ ಬೇರೆ ಹಾಕಿದರೆ ಎಷ್ಟು ನೋಯುತ್ತದೆ ಎಂದು ಪಂಕ್ತಿಭೇದ ಕಂಡ ನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೂ ನಿಮ್ಮ ಮಾತಿನಲ್ಲಿ ನಿಜವಿದೆ. ಹಳೆಯ ದೇವರುಗಳನ್ನು ಬಿಡಲೇಬೇಕಿತ್ತು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಅದನ್ನು ಮುಚ್ಚಿಡುವುದಿಲ್ಲ. ಆ ಊರುಗಳಲ್ಲಿ ಹಬ್ಬ, ಬಲಿ, ನೆಂಟರ ಊಟ ಎಲ್ಲ ಹೆಣೆದುಕೊಂಡಿದ್ದವು. ದೇವರನ್ನು ಬಿಟ್ಟವರು ತಮ್ಮ ಊರಿನಲ್ಲೇ ಹೊರಗಿನವರಾಗುತ್ತಿದ್ದರು. ಪೇತ್ರನ ಹೆಸರಿನ ಮೊದಲ ಪತ್ರ ಅಂಥವರನ್ನು ಪ್ರವಾಸಿಗಳು, ಪರದೇಶಸ್ಥರು ಎಂದೇ ಕರೆಯುತ್ತದೆ. ಈ ನಷ್ಟದ ಬಗ್ಗೆ ನಮ್ಮ ಲೇಖನ ಮಾತಾಡಬೇಕಿತ್ತು.

ಇನ್ನು ಹೆಸರು. ಪೌಲನ ಪತ್ರಗಳಲ್ಲಿ ‘ಕ್ರೈಸ್ತ’ ಎಂಬ ಪದ ಒಂದು ಸಲವೂ ಬರುವುದಿಲ್ಲ. ರೋಮ್‌ನವರಿಗೆ ಬರೆಯುವಾಗಲೂ ಅವನು ತಾನು ಇಸ್ರಾಯೇಲ್ಯ, ಬೆನ್ಯಾಮೀನನ ಕುಲದವನು ಎನ್ನುತ್ತಾನೆ. ತನ್ನ ಕುಲವನ್ನು ಬಿಡಲಿಲ್ಲ. ಅದನ್ನು ಬೇರೆಯವರ ಮೇಲೆ ಹೇರಲೂ ಒಪ್ಪಲಿಲ್ಲ.

ಪುರುಸೊತ್ತಾದಾಗ ಗಲಾತ್ಯದ ಪತ್ರದ ಕೊನೆಯನ್ನು ಓದಿ ನೋಡಿ. ಪೌಲ ಪತ್ರಗಳನ್ನು ಹೇಳಿ ಬರೆಸುವುದಿತ್ತು. ರೋಮ್‌ನವರ ಪತ್ರವನ್ನು ಬರೆದುಕೊಂಡ ತೆರ್ತ್ಯ ಅದರಲ್ಲಿ ತನ್ನ ನಮಸ್ಕಾರವನ್ನೂ ಸೇರಿಸಿದ್ದಾನೆ. ಇಲ್ಲಿ ಕೊನೆಗೆ ಪೌಲ ತಾನೇ ಲೇಖನಿ ಹಿಡಿದು, ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ ನೋಡಿ ಎನ್ನುತ್ತಾನೆ. ಕೆಲವೇ ಸಾಲುಗಳ ನಂತರ ಬರೆದದ್ದು ಇದು: ಸುನ್ನತಿ ಆದರೂ ಒಂದೇ, ಆಗದಿದ್ದರೂ ಒಂದೇ, ಬೇಕಾದದ್ದು ಹೊಸ ಸೃಷ್ಟಿ.

– ಸಂಪಾದಕ